ಬ್ಯಾಕ್ಟೀರಿಯಾ ಗಂಟಲು ನೋವು: ಮಾತ್ರೆ 10 ದಿನ, ಸ್ಪ್ರೇ ಮೊದಲ 3 ದಿನ

ಡಾಕ್ಟರು ಗಂಟಲು ನೋಡಿ ಆಂಟಿಬಯೋಟಿಕ್ ಬರೆದುಕೊಟ್ಟಾಗಿದೆ, ಮೊದಲ ಮಾತ್ರೆಯೂ ಹೊಟ್ಟೆ ಸೇರಿದೆ. ಆದರೆ ಅನ್ನ ಹಾಗಿರಲಿ, ಉಗುಳು ನುಂಗುವುದೂ ಕಷ್ಟವಾಗಿದೆ. ಆಂಟಿಬಯೋಟಿಕ್ ಶುರುವಾದ ಮೇಲೂ ನೋವು ಇಳಿಯುವುದು ಕಾಣಲು ಒಂದೆರಡು ದಿನ ಬೇಕು. ಬ್ಯಾಕ್ಟೀರಿಯಾ ಸಾಯಲು ಆರಂಭಿಸಿದರೂ ಊದಿದ ಟಾನ್ಸಿಲ್, ಕೆಂಪಾದ ಒಳಪೊರೆ ಅಷ್ಟು ಬೇಗ ಇಳಿಯುವುದಿಲ್ಲ. ಬಾಯಿಯ ಸ್ಪ್ರೇಗೆ ಕೆಲಸವಿರುವುದು ಈ ನಡುವಿನ ದಿನಗಳಲ್ಲಿ. ಅದರಿಂದ ನುಂಗುವುದು ಸುಲಭವಾಗುತ್ತದೆ, ನೀರು ಗಂಜಿ ಒಳಗೆ ಹೋಗುತ್ತವೆ, ರಾತ್ರಿ ಒಂದಿಷ್ಟು ನಿದ್ದೆ ಬರುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಸ್ಪ್ರೇಯಿಂದ ಬಯಸಬಾರದು.

ಆಂಟಿಸೆಪ್ಟಿಕ್ ಸ್ಪ್ರೇಯೂ ರೋಗಾಣು ಕೊಲ್ಲುತ್ತದೆಯಲ್ಲ, ಮಾತ್ರೆ ಯಾಕೆ ಎಂದು ಕೇಳುವವರಿದ್ದಾರೆ. ಸ್ಪ್ರೇ ತಾಗುವುದು ಮೇಲ್ಮೈಗೆ ಮಾತ್ರ. ಟಾನ್ಸಿಲ್ ಮೇಲೆ ಆಳವಾದ ಗುಳಿಗಳಿರುತ್ತವೆ. ಬ್ಯಾಕ್ಟೀರಿಯಾ ಆ ಗುಳಿಗಳಲ್ಲೂ ಅಂಗಾಂಶದೊಳಗೂ ಸೇರಿಕೊಂಡಿರುತ್ತದೆ, ಅಲ್ಲಿಗೆ ಔಷಧ ತಲುಪುವುದು ರಕ್ತದ ಮೂಲಕವೇ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ (ಚಿಕ್ಕದಾಗಿ ಸ್ಟ್ರೆಪ್) ಎಂಬ ಈ ಬ್ಯಾಕ್ಟೀರಿಯಾವನ್ನು ಪೂರ್ತಿ ಓಡಿಸದಿದ್ದರೆ ಕೆಲವರಲ್ಲಿ, ಅದರಲ್ಲೂ 5ರಿಂದ 15 ವರ್ಷದ ಮಕ್ಕಳಲ್ಲಿ, ಎರಡು-ಮೂರು ವಾರಗಳ ನಂತರ ರುಮ್ಯಾಟಿಕ್ ಜ್ವರ ಬರಬಹುದು. ಕೀಲು ನೋವಿನಲ್ಲಿ ಶುರುವಾಗಿ ಹೃದಯದ ಕವಾಟಕ್ಕೆ ಪೆಟ್ಟು ಕೊಡುವ ಕಾಯಿಲೆ ಅದು. ಶ್ರೀಮಂತ ದೇಶಗಳಲ್ಲಿ ಬಹುತೇಕ ಮರೆಯಾಗಿದ್ದರೂ ಭಾರತದಲ್ಲಿ ಇನ್ನೂ ಇದೆ. ಕವಾಟ ಕಿರಿದಾಗಿ ಬಲೂನ್ ಚಿಕಿತ್ಸೆಗೆ ಹೃದ್ರೋಗ ಆಸ್ಪತ್ರೆಗಳಿಗೆ ಬರುವ ಮೂವತ್ತು-ನಲವತ್ತರ ಹೆಂಗಸರಲ್ಲಿ ಎಷ್ಟೋ ಜನರ ತೊಂದರೆಗೆ ಮೂಲ ಬಾಲ್ಯದ ಗಂಟಲು ನೋವು. ಗಂಟಲು ನೋವು ಶುರುವಾಗಿ 9 ದಿನಗಳೊಳಗೆ ಸರಿಯಾದ ಆಂಟಿಬಯೋಟಿಕ್ ಆರಂಭಿಸಿದರೆ ಇದನ್ನು ತಡೆಯಬಹುದು. ಎಂಥ ದುಬಾರಿ ಸ್ಪ್ರೇಯೂ ತಡೆಯಲಾರದು.

ಇದು ಬ್ಯಾಕ್ಟೀರಿಯಾದ್ದೇ ಎಂದು ಮೊದಲು ಖಚಿತವಾಗಲಿ

ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುತ್ತದೆ. ಮಕ್ಕಳಲ್ಲಿ ನೂರಕ್ಕೆ 20–30, ದೊಡ್ಡವರಲ್ಲಿ 5–15 ಪ್ರಕರಣಗಳಷ್ಟೇ ಸ್ಟ್ರೆಪ್. ವೈದ್ಯರು ಮುಖ್ಯವಾಗಿ ನಾಲ್ಕು ಅಂಶ ನೋಡುತ್ತಾರೆ: 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದ ಜ್ವರ, ಟಾನ್ಸಿಲ್ ಊದಿ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆ, ಮತ್ತು ಕೆಮ್ಮು ಇಲ್ಲದಿರುವುದು. ಒಂದೊಂದಕ್ಕೂ ಒಂದು ಅಂಕ. ವಯಸ್ಸು 3ರಿಂದ 14 ಆಗಿದ್ದರೆ ಒಂದು ಅಂಕ ಸೇರಿಸುತ್ತಾರೆ, 45 ದಾಟಿದ್ದರೆ ಒಂದು ಕಳೆಯುತ್ತಾರೆ. ಮೂಗು ಸೋರುತ್ತಿದ್ದು, ಧ್ವನಿ ಒಡೆದು, ಕೆಮ್ಮೂ ಇದ್ದರೆ ಅದು ಬಹುಮಟ್ಟಿಗೆ ಶೀತ. ಅದಕ್ಕೆ ಆಂಟಿಬಯೋಟಿಕ್ ಬೇಡ. ಸ್ಪ್ರೇ, ಉಪ್ಪುನೀರು, ಪ್ಯಾರಸಿಟಮಾಲ್ ಸಾಕು.

ಅಂಕ ಹೆಚ್ಚಿದ್ದರೆ ಗಂಟಲಿನ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿದ ಮಾದರಿ) ತೆಗೆದು ರ‍್ಯಾಪಿಡ್ ಪರೀಕ್ಷೆಗೋ ಕಲ್ಚರ್‌ಗೋ ಕಳಿಸುವುದು ಸರಿಯಾದ ಕ್ರಮ. ರ‍್ಯಾಪಿಡ್ ಪರೀಕ್ಷೆಯ ಫಲಿತಾಂಶ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ, ಕಲ್ಚರ್‌ಗೆ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕಾದ್ದರಿಂದ ಒಂದೆರಡು ದಿನ ಹಿಡಿಯುತ್ತದೆ. ಇಲ್ಲಿ ಒಂದು ಎಡವಟ್ಟು ಆಗುವುದುಂಟು. ಲ್ಯಾಬಿಗೆ ಹೊರಡುವ ಮುನ್ನ ಬೆಟಾಡಿನ್ ಗಾರ್ಗಲ್ ಮಾಡಿಕೊಂಡು, ಸ್ಪ್ರೇ ಹೊಡೆದುಕೊಂಡು ಹೋಗುತ್ತಾರೆ. ಆಗ ಮೇಲ್ಮೈಯ ಬ್ಯಾಕ್ಟೀರಿಯಾ ಸತ್ತು ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು. ಸ್ವಾಬ್ ಕೊಡುವವರೆಗೆ ಆಂಟಿಸೆಪ್ಟಿಕ್ ಮುಟ್ಟಬೇಡಿ, ಆಂಟಿಬಯೋಟಿಕ್ ಕೂಡ ಸ್ವಾಬ್ ಆದ ಮೇಲೆಯೇ.

ಟಾನ್ಸಿಲ್ ಮೇಲೆ ಬೂದು ಬಣ್ಣದ ದಪ್ಪ ಪೊರೆ ಹರಡಿದ್ದು, ಒರೆಸಲು ಹೋದರೆ ರಕ್ತ ಬರುತ್ತಿದ್ದರೆ, ಕುತ್ತಿಗೆ ದಪ್ಪಗೆ ಊದಿದ್ದರೆ ಅದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇದು ಪೂರ್ತಿ ಮಾಯವಾಗಿಲ್ಲ. ಸ್ಪ್ರೇ ಹುಡುಕದೆ ನೇರ ಜಿಲ್ಲಾಸ್ಪತ್ರೆಗೆ ಹೋಗಬೇಕು. 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು-ಡಿಫ್ತೀರಿಯಾ) ಲಸಿಕೆ ತಪ್ಪಿದ ಮಕ್ಕಳಿದ್ದರೆ ಈ ಅನುಮಾನ ಇನ್ನಷ್ಟು ಬೇಗ ಬರಬೇಕು.

ಅಂಗಡಿಯಲ್ಲಿ ಯಾವ ಸ್ಪ್ರೇ ಕೇಳಬೇಕು

"ಗಂಟಲಿಗೆ ಒಂದು ಸ್ಪ್ರೇ ಕೊಡಿ" ಎಂದರೆ ಔಷಧ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ಓದಿ. ಗುಣದಲ್ಲೂ ಅಪಾಯದಲ್ಲೂ ಇವು ಒಂದಕ್ಕೊಂದು ತೀರಾ ಬೇರೆ.

ಬೆಂಜಿಡಮೈನ್ ನಮ್ಮ ಮೊದಲ ಆಯ್ಕೆ. ಉರಿಯೂತ ತಗ್ಗಿಸುತ್ತದೆ, ಮೇಲ್ಮೈಯನ್ನು ಸ್ವಲ್ಪ ಮರಗಟ್ಟಿಸುತ್ತದೆ. ಸಾಮಾನ್ಯ ಸಾಂದ್ರತೆ ಶೇ 0.15. ಈ ಸಾಂದ್ರತೆಯ ಸ್ಪ್ರೇಯಲ್ಲಿ 12 ವರ್ಷ ದಾಟಿದವರಿಗೆ ಒಂದು ಸಲಕ್ಕೆ 4ರಿಂದ 8 ಒತ್ತು, 6–11 ವರ್ಷದವರಿಗೆ 4 ಒತ್ತು. ಅದಕ್ಕಿಂತ ಚಿಕ್ಕವರಿಗೆ ವೈದ್ಯರು ಹೇಳಿದ್ದರೆ ಮಾತ್ರ: ತೂಕದ ಪ್ರತಿ 4 ಕಿಲೋಗೆ ಒಂದು ಒತ್ತು, ಗರಿಷ್ಠ 4. ಅಂದರೆ 12 ಕಿಲೋ ಮಗುವಿಗೆ 3. ಒಂದೂವರೆಯಿಂದ 3 ಗಂಟೆಗೊಮ್ಮೆ ಹಾಕಬಹುದು. ಶೇ 0.3 ಎಂದು ಬರೆದ ಸ್ಪ್ರೇಯೂ ಇದೆ. ಅದರ ಸಾಂದ್ರತೆ ಎರಡು ಪಟ್ಟು, ಹಾಗಾಗಿ ಒತ್ತುಗಳ ಸಂಖ್ಯೆ ಅರ್ಧ. ಲೇಬಲ್ ಓದದೆ ಹಳೆಯ ಬಾಟಲಿಯ ಲೆಕ್ಕದಲ್ಲೇ ಒತ್ತುತ್ತಾ ಹೋದರೆ ಡೋಸು ದುಪ್ಪಟ್ಟಾಗುತ್ತದೆ.

ನಮ್ಮ ಊರುಗಳಲ್ಲಿ ಬೆಂಜಿಡಮೈನ್ ಸ್ಪ್ರೇಗಿಂತ ಮುಕ್ಕಳಿಸುವ ದ್ರವವಾಗಿ ಸಲೀಸಾಗಿ ಸಿಗುತ್ತದೆ. ಸ್ಪ್ರೇ ಸಿಗದಿದ್ದರೆ ಅದನ್ನೇ ತನ್ನಿ. 12 ದಾಟಿದವರು 15 ಮಿ.ಲೀ. ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ ಅರ್ಧ ನಿಮಿಷ ಗಳಗಳ ಮಾಡಿ ಉಗುಳಬೇಕು. ಉರಿದರೆ ಅಷ್ಟೇ ನೀರು ಬೆರೆಸಿಕೊಳ್ಳಬಹುದು. ಗಾರ್ಗಲ್ ಮಾಡಿ ಉಗುಳಲು ಬಾರದ ಮಗುವಿಗೆ ಇದು ಬೇಡ, ನುಂಗಿಬಿಡುತ್ತದೆ. ಸ್ಪ್ರೇಯಾಗಲಿ ದ್ರವವಾಗಲಿ, 7 ದಿನ ಮೀರಬಾರದು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವುಮಾತ್ರೆ ತೆಗೆದುಕೊಂಡರೆ ಉಬ್ಬಸ ಅಥವಾ ಮೈಮೇಲೆ ದದ್ದು ಬರುವವರು ಬೆಂಜಿಡಮೈನ್‌ನಿಂದಲೂ ದೂರ ಇರಬೇಕು.

ಪೊವಿಡೋನ್ ಅಯೋಡಿನ್ (ಬೆಟಾಡಿನ್‌ನಲ್ಲಿರುವುದು ಇದೇ) ಆಂಟಿಸೆಪ್ಟಿಕ್. ಗಂಟಲ ಸ್ಪ್ರೇಯಲ್ಲಿ ಶೇ 0.45, ನಮ್ಮಲ್ಲಿ ಸಿಗುವ ಗಾರ್ಗಲ್‌ನಲ್ಲಿ ಶೇ 2 ಇರುತ್ತದೆ. ನೋವು ಕಡಿಮೆ ಮಾಡುವ ಗುಣ ಇದಕ್ಕೆ ಅಷ್ಟಾಗಿ ಇಲ್ಲ, ಬಾಯಿ ಸ್ವಚ್ಛವಾಯಿತು ಎನಿಸುತ್ತದೆ ಅಷ್ಟೇ. ಆಂಟಿಬಯೋಟಿಕ್ ಆಗಲೇ ನಡೆಯುತ್ತಿರುವಾಗ ಇದರಿಂದ ಹೆಚ್ಚುವರಿ ಲಾಭ ಅಲ್ಪ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಲಿಥಿಯಂ ಮಾತ್ರೆ ನುಂಗುವವರು, 6 ವರ್ಷದೊಳಗಿನ ಮಕ್ಕಳು ಬಳಸಬಾರದು, ಅಯೋಡಿನ್ ದೇಹಕ್ಕೆ ಸೇರುತ್ತದೆ. ಗಾಯಕ್ಕೆ ಹಚ್ಚುವ ಬೆಟಾಡಿನ್ ಬೇರೆ, ಗಂಟಲಿನದು ಬೇರೆ. ಹೆಸರು ಒಂದೇ ಎಂದು ಮೊದಲನೆಯದನ್ನು ಬಾಯಿಗೆ ಹಾಕಬೇಡಿ.

ಕ್ಲೋರ್‌ಹೆಕ್ಸಿಡಿನ್ ಹಲ್ಲಿನ ಡಾಕ್ಟರರ ಔಷಧ. ನಾಲಿಗೆಯ ರುಚಿ ಕೆಡಿಸುತ್ತದೆ, ದಿನಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಟೂತ್‌ಪೇಸ್ಟ್ ಬಳಸಿದ ಕೂಡಲೇ ಹಾಕಿದರೆ ಅದರ ಬಲವೂ ಕುಂದುತ್ತದೆ, ಅರ್ಧ ಗಂಟೆ ಅಂತರ ಬೇಕು. ಗಂಟಲು ನೋವಿಗೆ ಇದನ್ನೇ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಲಿಗ್ನೋಕೇನ್ ಶೇ 10 ಸ್ಪ್ರೇ ಬಗ್ಗೆ ಎಚ್ಚರ. ಎಂಡೋಸ್ಕೋಪಿಗೆ ಮೊದಲು ಆಸ್ಪತ್ರೆಯಲ್ಲಿ ಗಂಟಲು ಮರಗಟ್ಟಿಸಲು ಹೊಡೆಯುವುದು ಇದನ್ನೇ. ಒಂದೊಂದು ಒತ್ತಿಗೆ 10 ಮಿ.ಗ್ರಾಂ ಹೊರಬರುತ್ತದೆ. ಊದಿದ ಗಂಟಲು ಅದನ್ನು ಬೇಗ ಹೀರಿಕೊಳ್ಳುತ್ತದೆ, ಪ್ರಮಾಣ ಹೆಚ್ಚಾದರೆ ಮಕ್ಕಳಿಗೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಗಂಟಲು ಪೂರ್ತಿ ಮರಗಟ್ಟಿದರೆ ನುಂಗಿದ್ದು ಅನ್ನನಾಳಕ್ಕೆ ಹೋಯಿತೋ ಶ್ವಾಸನಾಳಕ್ಕೆ ಹೋಯಿತೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಗಂಟಲು ನೋವಿಗೆ ಇದು ಬೇಡವೇ ಬೇಡ, ದೊಡ್ಡವರಿಗೂ. ಬೆಂಜೊಕೇನ್ ಇರುವ ಸ್ಪ್ರೇಗಳು ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ತಗ್ಗಿಸುವ ತೊಂದರೆ ತರಬಲ್ಲವು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ವಿದೇಶದಲ್ಲಿರುವ ನಮ್ಮವರಿಗೆ, ಅಲ್ಲಿಂದ ಬರುವಾಗ ತಂದುಕೊಡುವವರಿಗೆ ಒಂದು ಮಾತು. ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುವ ಫ್ಲರ್ಬಿಪ್ರೊಫೆನ್ ಸ್ಪ್ರೇ 18 ದಾಟಿದವರಿಗೆ ಮಾತ್ರ. 3 ಒತ್ತು ಸೇರಿ ಒಂದು ಡೋಸು (8.75 ಮಿ.ಗ್ರಾಂ), 3ರಿಂದ 6 ಗಂಟೆಗೊಮ್ಮೆ, ದಿನಕ್ಕೆ 5 ಡೋಸು, 3 ದಿನ, ಇಷ್ಟೇ. ಇದು ಐಬುಪ್ರೊಫೆನ್ ಕುಟುಂಬದ್ದು. ಹೊಟ್ಟೆ ಹುಣ್ಣು, ಉಬ್ಬಸ, ಕಿಡ್ನಿ ತೊಂದರೆ ಇರುವ ಅಜ್ಜ-ಅಜ್ಜಿಗೆ "ಸ್ಪ್ರೇ ತಾನೇ" ಎಂದು ಕೊಡಬೇಡಿ.

ಹೊಡೆಯುವ ಕ್ರಮ

ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಎಷ್ಟೋ ಜನರ ಔಷಧ ನಾಲಿಗೆಯ ಮೇಲೆಯೇ ಬಿದ್ದಿರುತ್ತದೆ. ನಾಲಿಗೆಯ ಬೆನ್ನು ಗಂಟಲಿಗೆ ಅಡ್ಡ ನಿಲ್ಲುತ್ತದೆ, ಔಷಧ ಅಲ್ಲಿಂದ ಉಗುಳಿನೊಂದಿಗೆ ಹೊಟ್ಟೆಗೆ ಹೋಗುತ್ತದೆ.

1. ಕೈ ತೊಳೆಯಿರಿ. ಬಾಟಲಿಯ ಮೇಲಿನ ಕೊನೆ ದಿನಾಂಕ ನೋಡಿ.

2. ಬಾಯಿಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಮುಕ್ಕಳಿಸಿ. ಟಾನ್ಸಿಲ್ ಮೇಲಿನ ಲೋಳೆ ಹೋದರೆ ಔಷಧ ಅಂಟುತ್ತದೆ.

3. ಹೊಸ ಬಾಟಲಿಯಾದರೆ ಮೊದಲು ಸಿಂಕಿನತ್ತ ಹಿಡಿದು ನಾಲ್ಕೈದು ಸಲ ಒತ್ತಿ. ಮೊದಲ ಒತ್ತುಗಳಲ್ಲಿ ಗಾಳಿ ಬರುತ್ತದೆ. ಹನಿ ಹನಿ ಹೋಗಿ ಸಣ್ಣ ತುಂತುರು ಬಂದ ಮೇಲೆಯೇ ಲೆಕ್ಕ ಶುರು. ಹಲವು ದಿನ ಮುಟ್ಟದ ಬಾಟಲಿಗೂ ಇದೇ.

4. ಕೊಳವೆ ಮಡಚುವಂಥದ್ದಿದ್ದರೆ ಪೂರ್ತಿ ಬಿಡಿಸಿ, ಕನ್ನಡಿ ಮುಂದೆ ನಿಲ್ಲಿ. ಬಾಯಿ ಅಗಲವಾಗಿ ತೆರೆದು "ಆ…" ಎನ್ನಿ. ನಾಲಿಗೆ ತಗ್ಗಿ ಕಿರುನಾಲಿಗೆ ಮೇಲೇಳುತ್ತದೆ, ಎರಡೂ ಬದಿಯ ಟಾನ್ಸಿಲ್ ಕಾಣುತ್ತವೆ.

5. ಉಸಿರು ಹಿಡಿಯಿರಿ. ಇದನ್ನು ಹೆಚ್ಚಿನವರು ಬಿಡುತ್ತಾರೆ. ಉಸಿರೆಳೆಯುವಾಗ ಒತ್ತಿದರೆ ತುಂತುರು ಶ್ವಾಸನಾಳಕ್ಕೆ ಹೋಗಿ ಕೆಮ್ಮಿನ ಮೇಲೆ ಕೆಮ್ಮು ಬರುತ್ತದೆ.

6. ಕೊಳವೆಯ ತುದಿಯನ್ನು ಮೊದಲು ಬಲ ಟಾನ್ಸಿಲ್ ಕಡೆ, ನಂತರ ಎಡಕ್ಕೆ ತಿರುಗಿಸಿ ಒತ್ತುಗಳನ್ನು ಹಂಚಿ. 4 ಒತ್ತಿದ್ದರೆ ಎರಡೆರಡು. ಕಿರುನಾಲಿಗೆಗೋ ಹಿಂದಿನ ಗೋಡೆಗೋ ನೇರವಾಗಿ ಹೊಡೆದರೆ ವಾಕರಿಕೆ ಬರುತ್ತದೆ. ಕೊಳವೆ ಟಾನ್ಸಿಲ್‌ಗೆ ತಾಗಬಾರದು.

7. ಬಾಯಿ ಮುಚ್ಚಿ, ಉಸಿರು ಬಿಟ್ಟು, ಕೂಡಲೇ ನುಂಗದೆ ಕೆಲ ಕ್ಷಣ ಹಾಗೇ ಇರಿ. ಕಾಲು ಗಂಟೆ ನೀರು, ಊಟ ಬೇಡ. ಮೊದಲ ಕ್ಷಣ ಚುರುಗುಟ್ಟುವುದು, ಆಮೇಲೆ ಮರಗಟ್ಟಿದಂತಾಗುವುದು ಬೆಂಜಿಡಮೈನ್‌ನ ಗುಣ, ಹೆದರಬೇಕಿಲ್ಲ.

8. ಕೊಳವೆಯನ್ನು ಶುಭ್ರ ಟಿಶ್ಯೂನಿಂದ ಒರೆಸಿಡಿ. ತೂತು ಕಟ್ಟಿಕೊಂಡರೆ ತುದಿಯನ್ನು ಬೆಚ್ಚನೆಯ ನೀರಲ್ಲಿ ತೊಳೆಯಿರಿ. ಪಿನ್ನು ಚುಚ್ಚಿದರೆ ತೂತು ದೊಡ್ಡದಾಗಿ ತುಂತುರಿನ ಬದಲು ಧಾರೆ ಬರುತ್ತದೆ, ಒಂದು ಒತ್ತಿನ ಅಳತೆಯೂ ಕೆಡುತ್ತದೆ.

ಮಗುವಿಗಾದರೆ ಕೂರಿಸಿಯೇ ಹೊಡೆಯಬೇಕು. ಮಲಗಿಸಿ, ಅಳುವಾಗ ಬಾಯಿ ತೆರೆದಿದೆ ಎಂದು ಹೊಡೆಯುವುದು ಅಪಾಯ: ಅಳುವ ಮಗು ಜೋರಾಗಿ ಉಸಿರೆಳೆಯುತ್ತದೆ. ಒಪ್ಪದ ಮಗುವಿಗೆ ಬಲವಂತ ಬೇಡ, ಪ್ಯಾರಸಿಟಮಾಲ್ ಸಿರಪ್ಪೇ ಸಾಕು. ಒಂದು ಬಾಟಲಿ ಒಬ್ಬರಿಗೆ. ಮನೆಮಂದಿಯೆಲ್ಲ ಅದೇ ಕೊಳವೆ ಬಾಯಿಗಿಟ್ಟರೆ ಸ್ಟ್ರೆಪ್ ಹಂಚಿದಂತೆ.

ಮಾತ್ರೆ, ಊಟ, ಸ್ಪ್ರೇ: ಯಾವುದು ಯಾವಾಗ

ಬೆಂಜಿಡಮೈನ್‌ಗೂ ಅಮಾಕ್ಸಿಸಿಲಿನ್‌ಗೂ ಜಗಳವಿಲ್ಲ, ಒಂದೇ ದಿನ ಎರಡನ್ನೂ ಧಾರಾಳವಾಗಿ ಬಳಸಬಹುದು. ಹೊಂದಿಸಿಕೊಳ್ಳಬೇಕಾದ್ದು ಹೊತ್ತನ್ನು. ಸ್ಪ್ರೇ ಹೊಡೆದ ಮರುಗಳಿಗೆಯಲ್ಲಿ ಮಾತ್ರೆಯೊಂದಿಗೆ ಒಂದು ಲೋಟ ನೀರು ಕುಡಿದರೆ ಸ್ಪ್ರೇ ತೊಳೆದು ಹೋಯಿತು. ಹಾಗೆಂದು ಊಟ ಮುಗಿದ ಮೇಲೆ ಮಾತ್ರ ಹೊಡೆದರೆ ನುಂಗುವ ಹೊತ್ತಿನ ನೋವಿಗೆ ಅದು ಒದಗುವುದಿಲ್ಲ. ಆದ್ದರಿಂದ ಊಟಕ್ಕೆ 15–20 ನಿಮಿಷ ಮೊದಲು ಒಮ್ಮೆ, ಮಲಗುವ ಮುನ್ನ ಒಮ್ಮೆ ಕಡ್ಡಾಯ. ಉಳಿದದ್ದು ನೋವು ನೋಡಿಕೊಂಡು.

ದೊಡ್ಡವರೊಬ್ಬರ ದಿನ ಹೀಗಿರಬಹುದು. ಬೆಳಿಗ್ಗೆ 7:30ಕ್ಕೆ ಹಲ್ಲುಜ್ಜಿ ಸ್ಪ್ರೇ. 8ಕ್ಕೆ ಉಗುರುಬೆಚ್ಚಗಿನ ಗಂಜಿ ಅಥವಾ ಮೆತ್ತಗಿನ ಇಡ್ಲಿ-ಸಾರು, ಜೊತೆಗೆ ಆಂಟಿಬಯೋಟಿಕ್ ಮತ್ತು ಪ್ಯಾರಸಿಟಮಾಲ್. 10:30ಕ್ಕೆ ಉಪ್ಪುನೀರಿನ ಗಾರ್ಗಲ್. ಮಧ್ಯಾಹ್ನ 12:40ಕ್ಕೆ ಸ್ಪ್ರೇ, 1ಕ್ಕೆ ಮೊಸರನ್ನ. ಸಂಜೆ 4ಕ್ಕೆ ಸ್ಪ್ರೇ, ರಾತ್ರಿ 7:40ಕ್ಕೆ ಇನ್ನೊಮ್ಮೆ, 8ಕ್ಕೆ ಊಟದೊಂದಿಗೆ ಎರಡನೇ ಆಂಟಿಬಯೋಟಿಕ್. ಮಲಗುವಾಗ ಕೊನೆಯ ಸ್ಪ್ರೇ, ಅದರ ಮೇಲೆ ಹಾಲು ಕುಡಿಯುವುದಿಲ್ಲ. ಅರಿಸಿನದ ಹಾಲು ಬೇಕಿದ್ದರೆ ಅರ್ಧ ಗಂಟೆ ಮುಂಚೆ ಆಗಿಬಿಡಲಿ. ಗಂಟಲು ಮರಗಟ್ಟಿರುವಾಗ ಬಿಸಿ ಕಾಫಿ, ಕುದಿಯುವ ರಸಂ ಬೇಡ, ಸುಟ್ಟದ್ದು ತಿಳಿಯುವುದಿಲ್ಲ.

ಉಪ್ಪುನೀರಿಗೆ ಒಂದು ಲೋಟ (ಸುಮಾರು 240 ಮಿ.ಲೀ.) ಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು. ಎರಡು ಚಮಚ ಹಾಕಿದರೆ ಬೇಗ ಗುಣವಾಗುವುದಿಲ್ಲ, ಗಂಟಲು ಒಣಗಿ ಇನ್ನಷ್ಟು ಉರಿಯುತ್ತದೆ. ಜೇನುತುಪ್ಪ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಬಾರದು.

ಸ್ಪ್ರೇ ಒಂದೇ ನೋವನ್ನೆಲ್ಲ ಹೊರುವುದಿಲ್ಲ, ಪ್ಯಾರಸಿಟಮಾಲ್ ಜೊತೆಗಿರಲಿ. ದೊಡ್ಡವರಿಗೆ 650 ಮಿ.ಗ್ರಾಂ ಮಾತ್ರೆ 6 ಗಂಟೆಗೊಮ್ಮೆ. ಮಕ್ಕಳಿಗೆ ಕಿಲೋಗೆ 15 ಮಿ.ಗ್ರಾಂ: 20 ಕಿಲೋ ಮಗುವಿಗೆ 300 ಮಿ.ಗ್ರಾಂ, ಅಂದರೆ 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪಿನಲ್ಲಿ 6 ಮಿ.ಲೀ.; 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚಿಲ್ಲ. ಬಹಳಷ್ಟು ಶೀತದ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಆಗಲೇ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮಳೆಗಾಲದಲ್ಲಿ, ಊರಲ್ಲಿ ಡೆಂಗಿ ಇರುವಾಗ, ಜ್ವರದ ಕಾರಣ ಖಚಿತವಾಗದೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವದ ಭಯ. ಮಕ್ಕಳಿಗೆ ಆಸ್ಪಿರಿನ್ ಬೇಡ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ ಭಾರತದಲ್ಲಿ 2011ರಿಂದಲೇ ನಿಷಿದ್ಧ, ಆದರೂ ಹಳೆಯ ಚೀಟಿ ತೋರಿಸಿ ತರುವವರಿದ್ದಾರೆ.

ಆಂಟಿಬಯೋಟಿಕ್‌ನ 10 ದಿನದ ಲೆಕ್ಕ

ಸ್ಟ್ರೆಪ್‌ಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಈಗಲೂ ಮೊದಲ ಔಷಧ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಇಷ್ಟು ದಶಕಗಳಾದರೂ ಪೆನಿಸಿಲಿನ್‌ಗೆ ಮಣಿಯುವುದನ್ನು ಬಿಟ್ಟಿಲ್ಲ. ಅಜಿತ್ರೊಮೈಸಿನ್ ವಿಷಯ ಹಾಗಲ್ಲ, ಅದಕ್ಕೆ ಬಗ್ಗದ ಸ್ಟ್ರೆಪ್ ಇದೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆಂದು ಎತ್ತಿಡಬೇಕಾದ ಔಷಧ ಅದು. ಅಂಗಡಿಯಲ್ಲಿ ಚೀಟಿಯಿಲ್ಲದೆ "3 ದಿನದ ಕೋರ್ಸು" ಎಂದು ಕೊಡುವ ಅಜಿತ್ರೊಮೈಸಿನ್ ಈ ಗಂಟಲಿಗೆ ಉತ್ತರವಲ್ಲ. ಅಲರ್ಜಿ ಇದ್ದವರಿಗೆ ಕೊಡುವಾಗಲೂ ಸ್ಟ್ರೆಪ್‌ಗೆ 5 ದಿನ.

ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋಗೆ 50 ಮಿ.ಗ್ರಾಂ, ಗರಿಷ್ಠ 1,000 ಮಿ.ಗ್ರಾಂ, ಒಂದೇ ಸಲ ಅಥವಾ ಎರಡು ಪಾಲು, 10 ದಿನ. ಡೋಸು ನಿಮ್ಮ ವೈದ್ಯರದ್ದೇ ಅಂತಿಮ. ಇಲ್ಲಿ ಲೆಕ್ಕ ಹೇಳುತ್ತಿರುವುದು ಬಾಟಲಿ ಎಷ್ಟು ಬೇಕಾಗುತ್ತದೆ ಎಂದು ತೋರಿಸಲು. 12 ಕಿಲೋ ಮಗುವಿಗೆ ದಿನಕ್ಕೆ 600 ಮಿ.ಗ್ರಾಂ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪಾದರೆ 6 ಮಿ.ಲೀ. ಎರಡು ಸಲ, 10 ದಿನಕ್ಕೆ 120 ಮಿ.ಲೀ. ಬೇಕು. 60 ಮಿ.ಲೀ.ಯ ಒಂದು ಬಾಟಲಿ ಐದನೇ ದಿನ ಖಾಲಿಯಾಗುತ್ತದೆ, ಅಷ್ಟರಲ್ಲಿ ಮಗು ಆಡಿಕೊಂಡಿರುತ್ತದೆ, ಎರಡನೇ ಬಾಟಲಿ ತರುವುದು ಯಾರಿಗೂ ನೆನಪಾಗುವುದಿಲ್ಲ. ಕೋರ್ಸು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲಿ. ಮೊದಲ ದಿನವೇ ಎರಡು ಬಾಟಲಿ ತನ್ನಿ, ಎರಡನೆಯದಕ್ಕೆ ಈಗಲೇ ನೀರು ಹಾಕಬೇಡಿ. ನೀರು ಬೆರೆಸಿದ ಸಿರಪ್ ಸಾಮಾನ್ಯವಾಗಿ 7 ದಿನವಷ್ಟೇ ಬಾಳುತ್ತದೆ. 20 ಕಿಲೋ ದಾಟಿದ ಮಗುವಿಗೆ ಸಿರಪ್ಪಿನ ಬದಲು ನೀರಲ್ಲಿ ಕರಗುವ 250 ಮಿ.ಗ್ರಾಂ ಮಾತ್ರೆ ಬರೆದುಕೊಡಲು ಕೇಳಿ, ಬಾಟಲಿಗಳ ಸಾಲೇ ತಪ್ಪುತ್ತದೆ.

ಪುಡಿಗೆ ನೀರು ಬೆರೆಸುವಾಗ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ತಳದಲ್ಲಿ ಗಟ್ಟಿಯಾದ ಪುಡಿ ಬಿಡಿಸಿ. ಕುದಿಸಿ ಪೂರ್ತಿ ಆರಿದ ನೀರನ್ನು ಗುರುತಿನ ಅರ್ಧದವರೆಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕಿ. ನೊರೆಯನ್ನೇ ಗುರುತು ಎಂದು ತಿಳಿದರೆ ನೀರು ಕಡಿಮೆಯಾಗಿ ಔಷಧ ಗಟ್ಟಿಯಾಗುತ್ತದೆ. ಪ್ರತಿ ಸಲ ಕುಲುಕಿಯೇ ಅಳೆಯಬೇಕು, ಇಲ್ಲದಿದ್ದರೆ ಮೊದಲ ದಿನಗಳಲ್ಲಿ ತಿಳಿನೀರು, ಕೊನೆಗೆ ಗಸಿ. ಅಳತೆಗೆ ಜೊತೆಗೆ ಬಂದ ಮುಚ್ಚಳ ಅಥವಾ ಸಿರಿಂಜ್, ಅಡುಗೆಮನೆಯ ಚಮಚವಲ್ಲ.

ಔಷಧ ಕುಡಿದ ಅರ್ಧ ಗಂಟೆಯೊಳಗೆ ಮಗು ಪೂರ್ತಿ ವಾಂತಿ ಮಾಡಿದರೆ ಅದೇ ಡೋಸನ್ನು ಮತ್ತೆ ಕೊಡಿ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರವೇ ಇದ್ದರೆ ಅದನ್ನೊಂದೇ ಕೊಡಿ, ಎರಡನ್ನು ಸೇರಿಸಬೇಡಿ. 10 ದಿನ ಔಷಧ ಕೊಡುವುದು ಆಗದ ಮಾತು ಎನ್ನುವ ಮನೆಗೆ ಇನ್ನೊಂದು ದಾರಿ ಇದೆ: ಬೆಂಜಥೀನ್ ಪೆನಿಸಿಲಿನ್, ಒಂದೇ ಇಂಜೆಕ್ಷನ್. 27 ಕಿಲೋ ಒಳಗಿದ್ದರೆ 6 ಲಕ್ಷ ಯೂನಿಟ್, ಅದಕ್ಕಿಂತ ಹೆಚ್ಚಿದ್ದರೆ 12 ಲಕ್ಷ. ನೋವಿನ ಸೂಜಿ ಹೌದು, ಆದರೆ ಮರೆಯುವ ಪ್ರಶ್ನೆಯೇ ಇಲ್ಲ. ಅಲರ್ಜಿ ಎದುರಿಸಲು ಸಿದ್ಧತೆ ಇರುವ ಆಸ್ಪತ್ರೆಯಲ್ಲೇ ಹಾಕಿಸಬೇಕು.

ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಕಳೆದು ಜ್ವರ ಬಿಟ್ಟಿದ್ದರೆ ಸೋಂಕು ಹರಡುವ ಭಯ ಹೋಯಿತು, ಮಗು ಶಾಲೆಗೆ ಹೋಗಬಹುದು. ಅಲ್ಲಿಯವರೆಗೆ ಲೋಟ, ಟವೆಲ್ ಬೇರೆ.

ಸ್ಪ್ರೇಯನ್ನೇ ಅಳತೆಗೋಲಾಗಿಸಿ

ದಿನಕ್ಕೆ ಎಷ್ಟು ಸಲ ಸ್ಪ್ರೇ ಬೇಕಾಯಿತು ಎಂದು ಚೀಟಿಯ ಹಿಂದೆ ಗೀಟು ಹಾಕುತ್ತಾ ಹೋಗಿ. ಮೊದಲ ದಿನ ಐದಾರು, ಎರಡನೇ ದಿನ ನಾಲ್ಕು, ಮೂರನೇ ದಿನ ಒಂದೆರಡು, ಹೀಗೆ ಇಳಿಯಬೇಕು. ನಾಲ್ಕನೇ ದಿನ ಬೇಡವೇ ಆದರೆ ಸ್ಪ್ರೇ ನಿಲ್ಲಿಸಿ, ಮಾತ್ರೆ ನಿಲ್ಲಿಸಬೇಡಿ. ಆಂಟಿಬಯೋಟಿಕ್ ಶುರುವಾಗಿ 48ರಿಂದ 72 ಗಂಟೆ ಕಳೆದರೂ ಗೀಟುಗಳ ಸಂಖ್ಯೆ ಇಳಿಯದಿದ್ದರೆ, ಜ್ವರ ಬಿಡದಿದ್ದರೆ, ಬೇರೆ ಸ್ಪ್ರೇ ತರುವ ಬದಲು ಮತ್ತೆ ವೈದ್ಯರಲ್ಲಿಗೆ ಹೋಗಿ. ರೋಗವೇ ಬೇರೆ ಇರಬಹುದು. ಹದಿಹರೆಯದವರಲ್ಲಿ ಎಪ್ಸ್ಟೀನ್-ಬಾರ್ ವೈರಸ್‌ನ ಗ್ರಂಥಿಜ್ವರ ಥೇಟ್ ಸ್ಟ್ರೆಪ್‌ನಂತೆಯೇ ಕಾಣುತ್ತದೆ. ಅದಕ್ಕೆ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳುವುದುಂಟು.

ಹೊತ್ತು ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಬಾಯಿ ಎರಡು ಬೆರಳಗಲವೂ ತೆರೆಯಲಾಗದಿರುವುದು, ಒಂದೇ ಬದಿ ಊದಿ ಕಿರುನಾಲಿಗೆ ಇನ್ನೊಂದು ಬದಿಗೆ ತಳ್ಳಿಹೋಗಿರುವುದು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದಂಥ ಧ್ವನಿ, ಜೊಲ್ಲು ನುಂಗಲಾಗದೆ ಸುರಿಯುವುದು, ಉಸಿರೆಳೆಯುವಾಗ ಸದ್ದು, ಕುತ್ತಿಗೆ ಬಗ್ಗಿಸಲಾಗದಿರುವುದು. ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿದೆ, ಇಲ್ಲವೇ ಉಸಿರುದಾರಿ ಕಿರಿದಾಗುತ್ತಿದೆ ಎಂದರ್ಥ. ಇಂಥ ಗಂಟಲಿಗೆ ಸ್ಪ್ರೇ ಹೊಡೆಯಲೂ ಹೋಗಬೇಡಿ. ಮಗು ಅರ್ಧ ದಿನ ಮೂತ್ರ ಮಾಡಿಲ್ಲವಾದರೆ ನೀರಿನಂಶ ಕುಸಿದಿದೆ. ಮೈಮೇಲೆ ಮರಳುಕಾಗದದಂತೆ ತರಿತರಿಯಾದ ಕೆಂಪು ದದ್ದು ಬಂದರೆ ಅದು ಸ್ಟ್ರೆಪ್‌ನಿಂದಲೇ ಬರುವ ಸ್ಕಾರ್ಲೆಟ್ ಜ್ವರ ಇರಬಹುದು. ಔಷಧ ತೆಗೆದುಕೊಂಡ ಕೂಡಲೇ ತುರಿಕೆಯ ದದ್ದು, ತುಟಿ ಊತ, ಏದುಸಿರು ಬಂದರೆ ಅದು ಅಲರ್ಜಿ: ಆ ಔಷಧ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಿ, ಯಾವ ಔಷಧ ಎಂದು ಬರೆದಿಟ್ಟುಕೊಳ್ಳಿ.

ಗಂಟಲು ವಾಸಿಯಾದ ಮೇಲೂ ಮೂರು-ನಾಲ್ಕು ವಾರ ಒಂದು ಕಣ್ಣಿಟ್ಟಿರಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಬೆಳಿಗ್ಗೆ ಎದ್ದಾಗ ಮುಖ ಬಾತಿದ್ದರೆ ಕಿಡ್ನಿಗೆ ತೊಂದರೆಯಾಗಿದೆ. ಆಂಟಿಬಯೋಟಿಕ್ ಸರಿಯಾಗಿ ಮುಗಿಸಿದವರಲ್ಲೂ ಇದು ಬರಬಹುದು. ಮೊಣಕಾಲು, ಹಿಮ್ಮಡಿಗಂಟು, ಮೊಣಕೈ ಹೀಗೆ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ, ಮಗು ಆಟವಾಡುವಾಗ ಏದುಸಿರು ಬಿಟ್ಟರೆ ಹೃದಯದ ಪರೀಕ್ಷೆ ಮತ್ತು ಎಕೋ (ಹೃದಯದ ಸ್ಕ್ಯಾನ್) ಬೇಕು. ಮೊದಲೇ ರುಮ್ಯಾಟಿಕ್ ಜ್ವರ ಬಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿರುವವರ ಮನೆಯಲ್ಲಿ ಯಾರಿಗೇ ಹೊಸ ಗಂಟಲು ನೋವು ಬಂದರೂ ಸ್ವಾಬ್ ಮಾಡಿಸಿ, ಸೂಜಿಯ ತಾರೀಕು ತಪ್ಪಿದೆಯೇ ಎಂದು ಅದೇ ದಿನ ನೋಡಿ.